ನೆಲ ನುಂಗದ ಕರೆಂಟು

ಬಳ್ಳಾರಿ ಗುಡ್ಡದ ಬುಡದಲ್ಲಿ ಮನೆ ಕಟ್ಟಿಸಿದವರನ್ನು ಕೇಳಿ ನೋಡಿ, ಅರ್ಥಿಂಗ್ ಗುಂಡಿ ತೋಡಿಸಿದ ಪಾಡನ್ನು ಅವರೇ ಹೇಳುತ್ತಾರೆ. ಎರಡು ಅಡಿ ಇಳಿಯುವಷ್ಟರಲ್ಲಿ ಗುದ್ದಲಿ ಠಣ್ ಎನ್ನುತ್ತದೆ. ಅಲ್ಲಿಂದಾಚೆ ಹಾರೆಯ ಕೆಲಸ, ಕೂಲಿಯೂ ಬೇರೆ. ಕುರುಗೋಡಿನಲ್ಲೂ ಇದೇ ಜಾತಿಯ ಕಲ್ಲು. ದೊಡ್ಡಬಸವೇಶ್ವರ ಗುಡಿಯಲ್ಲಿ ಒಂದೇ ಬಂಡೆಯ ಬಸವಣ್ಣ ಆಳೆತ್ತರ ಮೀರಿ ಕೂತಿರುವುದು ಆ ನೆಲದ ಗುಣದಿಂದಲೇ. ಸಿರುಗುಪ್ಪದ ಹಾದಿ ಹಿಡಿದರೆ ಮಾತ್ರ ನೋಟ ಬದಲಾಗುತ್ತದೆ. ಎರೆ ಹೊಲ, ಕಾಲುವೆ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ. ಮಳೆಗಾಲದಲ್ಲಿ ಅಲ್ಲಿ ಸರಳೊಂದನ್ನು ಕೈಯಲ್ಲೇ ಒತ್ತಿದರೂ ಇಳಿದೀತು. ಬೇಸಿಗೆಯಲ್ಲಿ ಅದೇ ಮಣ್ಣು ಅಂಗೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ.

ಈ ಮೂರೂ ನೆಲಗಳನ್ನು ಒಂದೇ ದಿನದಲ್ಲಿ ದಾಟುವ ಗಾಡಿಗಳಿವೆ. ಶೂಟಿಂಗಿಗೆ ಬರುವ ಸಿನಿಮಾದವರ ಕ್ಯಾರವಾನ್, ಹಂಪಿ ನೋಡಲು ಸಂಸಾರ ಸಮೇತ ಹೊರಟವರ ಕ್ಯಾಂಪರ್ ವ್ಯಾನ್, ಜಾತ್ರೆಗೆ ಬರುವ ನಾಟಕ ಕಂಪನಿಯ ಲಾರಿ, ಮೆರವಣಿಗೆಯ ಹಿಂದೆ ಗುಡುಗುತ್ತ ಸಾಗುವ ಜನರೇಟರ್ ಗಾಡಿ. ಗಾಡಿ ನಿಂತ ಕೂಡಲೇ ಹುಡುಗನೊಬ್ಬ ಇಳಿದು ಎರಡಡಿ ಕಬ್ಬಿಣದ ಸರಳನ್ನು ನೆಲಕ್ಕೆ ಬಡಿದು, ಹಸಿರು ವೈರು ಸುತ್ತಿ, ಮೇಲೊಂದು ಬಾಟಲಿ ನೀರು ಹುಯ್ಯುತ್ತಾನೆ. ‘ಅರ್ಥ್ ಕೊಟ್ಟೀವಿ ಸರ, ಏನೂ ಆಗಂಗಿಲ್ಲ’ ಎನ್ನುತ್ತಾನೆ. ಅವನ ಮಾತಿನ ಹಿಂದೆ ನಮ್ಮೆಲ್ಲರಿಗೂ ಇರುವ ಒಂದು ನಂಬಿಕೆ ಇದೆ: ಕರೆಂಟು ಎಲ್ಲೇ ಸೋರಲಿ, ಭೂಮಿಗೆ ದಾರಿ ತೋರಿಸಿಬಿಟ್ಟರೆ ಅದು ನೆಲದಲ್ಲಿ ಇಂಗಿ ಹೋಗುತ್ತದೆ. ಆ ನಂಬಿಕೆ ಎಲ್ಲಿಂದ ಬಂತು, ಎಲ್ಲಿ ಮುರಿಯಿತು, ಮುರಿದ ಜಾಗದಲ್ಲಿ ಏನು ಸಿಕ್ಕಿತು ಎನ್ನುವುದಕ್ಕೆ ಇನ್ನೂರು ವರ್ಷದ ಕತೆಯಿದೆ.

ಶುರುವಾಗುವುದು ಸಿಡಿಲಿನಿಂದ. ಬೆಂಜಮಿನ್ ಫ್ರಾಂಕ್ಲಿನ್ 1750ರ ಸುಮಾರಿಗೆ ಸಿಡಿಲುಕಂಬಿಯ ಯೋಚನೆಯನ್ನು ಮುಂದಿಟ್ಟ. ಮುಂದಿನ ಎರಡು ಮೂರು ವರ್ಷ ಯೂರೋಪಿನ ಪಂಡಿತರಿಗೆಲ್ಲ ಚಾವಣಿಯ ಮೇಲೆ ಕಬ್ಬಿಣದ ಸರಳು ನಿಲ್ಲಿಸುವ ಹುಚ್ಚು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗಿಯೋರ್ಗ್ ವಿಲ್ಹೆಲ್ಮ್ ರಿಕ್ಮನ್ ಎಂಬ ವಿಜ್ಞಾನಿ ಮನೆಯ ಮೇಲಿನ ಸರಳಿನಿಂದ ತಂತಿಯನ್ನು ಕೋಣೆಯೊಳಕ್ಕೆ ಎಳೆದು ಅಳತೆಯ ಸಾಧನಕ್ಕೆ ಜೋಡಿಸಿದ್ದ. ಮೋಡದ ವಿದ್ಯುತ್ತನ್ನು ಅಳೆಯುವ ಉದ್ದೇಶ ಅವನದು. ನೆಲಕ್ಕೆ ಹರಿದುಹೋದರೆ ಅಳೆಯುವುದೇನನ್ನು? ಹಾಗಾಗಿ ಬೇಕೆಂದೇ ಅದನ್ನು ನೆಲಕ್ಕೆ ತಾಗಿಸಿರಲಿಲ್ಲ. 1753ರ ಆಗಸ್ಟ್ 6ರಂದು ಗುಡುಗು ಕೇಳಿ ಓಡಿಬಂದು ಸಾಧನದತ್ತ ಬಾಗಿದಾಗ ಸಿಡಿಲು ಅವನ ಹಣೆಗೆ ಹಾರಿತು. ಜೊತೆಯಲ್ಲಿದ್ದ ಚಿತ್ರ ಕೆತ್ತುವವ ಕೆಳಗುರುಳಿದರೂ ಬದುಕಿಕೊಂಡ. ರಿಕ್ಮನ್ ಅಲ್ಲೇ ಸತ್ತ.

ಆ ಸಾವಿನಿಂದ ಜಗತ್ತು ಕಲಿತ ಪಾಠ ಸರಿಯಾದದ್ದೇ. ಸಿಡಿಲಿಗೆ ನೆಲ ಬೇಕು, ಏಕೆಂದರೆ ಸಿಡಿಲಿನ ಒಂದು ತುದಿ ಮೋಡವಾದರೆ ಇನ್ನೊಂದು ತುದಿ ಭೂಮಿಯೇ. ಎಡವಟ್ಟಾದದ್ದು ಆಮೇಲೆ. ಬ್ಯಾಟರಿ, ಡೈನಮೋ, ಜನರೇಟರಿನಿಂದ ಹೊರಡುವ ಕರೆಂಟಿಗೂ ಅದೇ ಪಾಠವನ್ನು ಹಚ್ಚಿಬಿಟ್ಟೆವು. ಈ ಕರೆಂಟಿಗೆ ಭೂಮಿಯ ಗೊಡವೆಯಿಲ್ಲ. ಎಲ್ಲಿಂದ ಹೊರಟಿತೋ ಅಲ್ಲಿಗೆ ಮರಳಬೇಕು, ಅಷ್ಟೇ ಅದರ ಹಟ. ಮರಳುವ ದಾರಿಯಲ್ಲಿ ನೆಲ ಇದ್ದರೆ ನೆಲದ ಮೂಲಕ ಹೋಗುತ್ತದೆ, ಮನುಷ್ಯ ಇದ್ದರೆ ಮನುಷ್ಯನ ಮೂಲಕ.

ನೆಲವೂ ಒಂದು ದಾರಿ ಎಂದು ಗೊತ್ತಾದದ್ದು ಒಂದು ಪ್ರಯೋಗ ಕೆಟ್ಟಾಗ. 1838ರಲ್ಲಿ ಕಾರ್ಲ್ ಆಗಸ್ಟ್ ಫಾನ್ ಸ್ಟೈನ್‌ಹೈಲ್ ಜರ್ಮನಿಯ ನ್ಯೂರೆಂಬರ್ಗ್–ಫ್ಯೂರ್ತ್ ರೈಲುಮಾರ್ಗದಲ್ಲಿ ಟೆಲಿಗ್ರಾಫ್ ಪರೀಕ್ಷೆಗೆ ಇಳಿದಿದ್ದ. ಎರಡು ತಂತಿ ಎಳೆಯುವ ಖರ್ಚು ಏಕೆ, ಹಳಿಗಳೇ ಎರಡಿವೆಯಲ್ಲ, ಒಂದರಲ್ಲಿ ಕಳಿಸಿ ಇನ್ನೊಂದರಲ್ಲಿ ಮರಳಿ ಪಡೆಯಬಹುದು ಎನ್ನುವುದು ಗಣಿತಜ್ಞ ಗೌಸ್ ಕೊಟ್ಟ ಸಲಹೆ. ಆಗಲಿಲ್ಲ. ಒಂದು ಹಳಿಯ ಕರೆಂಟು ದೂರ ಸಾಗುವ ಮೊದಲೇ ನೆಲದ ಮೂಲಕ ಪಕ್ಕದ ಹಳಿಗೆ ದಾಟಿಬಿಡುತ್ತಿತ್ತು. ಬೇರೆಯವರಾಗಿದ್ದರೆ ಹಳಿಗಳನ್ನು ನೆಲದಿಂದ ಬೇರ್ಪಡಿಸುವ ಉಪಾಯ ಹುಡುಕುತ್ತಿದ್ದರೇನೋ. ಸ್ಟೈನ್‌ಹೈಲ್ ಯೋಚಿಸಿದ್ದು ತಿರುಗುಮುರುಗಾಗಿ: ನೆಲ ಇಷ್ಟು ಸಲೀಸಾಗಿ ಕರೆಂಟು ಹರಿಸುವುದಾದರೆ ಎರಡನೇ ತಂತಿಯೇ ಬೇಡ. ಎರಡೂ ತುದಿಗಳಲ್ಲಿ ಲೋಹದ ತಗಡು ಹೂತು, ನಡುವೆ ಒಂದೇ ತಂತಿ ಎಳೆದ, ಕೆಲಸ ಮಾಡಿತು. ಮರುವರ್ಷ ಕಲ್ಕತ್ತದಲ್ಲಿ ವಿಲಿಯಂ ಓಶಾಗ್ನೆಸ್ಸಿ ಹೂಗ್ಲಿ ನದಿಯ ನೀರನ್ನೇ ಮರಳುದಾರಿ ಮಾಡಿಕೊಂಡು ಸಂದೇಶ ಕಳಿಸಿ ನೋಡಿದ.

ಸಿರುಗುಪ್ಪದ ಗದ್ದೆಗಳಂಥ ಕಡೆ ಸ್ಟೈನ್‌ಹೈಲನ ಹೆಸರು ಕೇಳದೆಯೇ ಅವನ ವಿದ್ಯೆ ನಡೆಸುವವರಿದ್ದಾರೆ. ಕಂಬದಿಂದ ಫೇಸ್ ಒಂದನ್ನೇ ತಂದು, ನ್ಯೂಟ್ರಲ್ ಬದಲು ಬೋರ್‌ವೆಲ್ ಕೇಸಿಂಗ್ ಪೈಪಿಗೆ ತಂತಿ ಸುತ್ತಿ ಬಲ್ಬು ಉರಿಸುವುದು ರೈತಾಪಿ ಜನಕ್ಕೆ ಹೊಸದಲ್ಲ. ಕಾನೂನಿಗೂ ಜೀವಕ್ಕೂ ಅಪಾಯದ ಕೆಲಸ. ಆದರೆ ಅದು ಹೇಳುವ ಸತ್ಯ ಮುಖ್ಯ: ಬಲ್ಬಿನಿಂದ ನೆಲಕ್ಕಿಳಿದ ಕರೆಂಟು ಅಲ್ಲಿ ಇಂಗಲಿಲ್ಲ, ಟ್ರಾನ್ಸ್‌ಫಾರ್ಮರ್ ಪಕ್ಕದ ಅರ್ಥಿಂಗ್ ಗುಂಡಿಯವರೆಗೆ ಹೋಗಿ, ಮೇಲೆ ಹತ್ತಿ, ನ್ಯೂಟ್ರಲ್ ಸೇರಿತು. ಆ ಗುಂಡಿಯ ತಂತಿ ಕಳಚಿದರೆ ಬಲ್ಬು ಆರುತ್ತದೆ.

ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲನ್ನು ನೆಲಕ್ಕೆ ಕಟ್ಟುವ ಪದ್ಧತಿಯೂ ಹುಟ್ಟಿನಿಂದ ಬಂದದ್ದಲ್ಲ. ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ದೀಪಕ್ಕೆ ಕರೆಂಟು ಕೊಟ್ಟಾಗ ಎರಡೂ ತಂತಿಗಳು ನೆಲದಿಂದ ಬೇರೆಯಾಗಿಯೇ ಇದ್ದವು. ಆಮೇಲೆ ಟ್ರಾನ್ಸ್‌ಫಾರ್ಮರುಗಳು ಬಂದವು. ಅವುಗಳ ಒಳಸುತ್ತು ಸುಟ್ಟು ಹೈಟೆನ್ಷನ್ ಕರೆಂಟು ಮನೆಯ ವೈರಿಂಗಿಗೆ ನುಗ್ಗಿ ಜನ ಸಾಯತೊಡಗಿದಾಗ, ಒಂದು ತಂತಿಯನ್ನು ನೆಲಕ್ಕೆ ಕಟ್ಟಬೇಕೇ ಬೇಡವೇ ಎಂದು ಎಂಜಿನಿಯರುಗಳು ವರ್ಷಗಟ್ಟಲೆ ಜಗಳಾಡಿದರು. ಅಮೆರಿಕದ ವಿದ್ಯುತ್ ಸಂಹಿತೆ 1913ರಲ್ಲಿ ಮನೆಬಳಕೆಯ ಸರಬರಾಜಿಗೆ ಅದನ್ನು ಕಡ್ಡಾಯ ಮಾಡಿತು. ಹೈಟೆನ್ಷನ್ ಭಯ ತಪ್ಪಿತು, ಆದರೆ ಒಂದು ಸಾಲವೂ ಹೆಗಲೇರಿತು. ಅಂದಿನಿಂದ ನೆಲದ ಮೇಲೆ ಬರಿಗಾಲಲ್ಲಿ ನಿಂತವನು ಕರೆಂಟಿನ ಮರಳುದಾರಿಯ ಮೇಲೇ ನಿಂತಂತಾಯಿತು. ಫೇಸ್ ಮುಟ್ಟಿದರೆ ಸಾಕು.

ಹಾಗಾದರೆ ಹುಡುಗ ಬಡಿದ ಸರಳು ಎಷ್ಟು ಕೆಲಸ ಮಾಡುತ್ತದೆ? ಲೆಕ್ಕ ಹಾಕಲು ಮಣ್ಣು ಕರೆಂಟನ್ನು ಎಷ್ಟು ತಡೆಯುತ್ತದೆ, ಅಂದರೆ ಅದರ ರೋಧಕತೆ ಎಷ್ಟು ಎಂದು ತಿಳಿಯಬೇಕು. ಅದನ್ನು ಅಳೆಯುವ ಸರಳ ವಿಧಾನವನ್ನು ಕೊಟ್ಟವನು ಅಮೆರಿಕದ ಮಾನಕ ಸಂಸ್ಥೆಯ ಫ್ರಾಂಕ್ ವೆನ್ನರ್, 1915ರಲ್ಲಿ. ನಾಲ್ಕು ಗೂಟಗಳನ್ನು ಸಮ ಅಂತರದಲ್ಲಿ ಸಾಲಾಗಿ ನೆಟ್ಟು, ಹೊರಗಿನ ಎರಡರಿಂದ ಕರೆಂಟು ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುವುದು. ಬಂಡೆ ನಾಡಿನಲ್ಲಿ ಬೋರ್ ಪಾಯಿಂಟ್ ಗುರುತಿಸಲು ಭೂವಿಜ್ಞಾನಿಗಳು ಗೂಟ ನೆಟ್ಟು ವೈರು ಹಾಸುವುದನ್ನು ಕಂಡಿದ್ದರೆ ನೀವು ನೋಡಿದ್ದು ಇದೇ ಜಾತಿಯ ಪರೀಕ್ಷೆ. ಅವರು ನೀರು ಹುಡುಕುತ್ತಾರೆ, ಎಲೆಕ್ಟ್ರಿಕಲ್ ಎಂಜಿನಿಯರು ದಾರಿ ಹುಡುಕುತ್ತಾನೆ. ಹಸಿ ಎರೆಮಣ್ಣಿನ ರೋಧಕತೆ 10 ಓಮ್-ಮೀಟರಿನ ಆಸುಪಾಸು ಇದ್ದೀತು. ಕಲ್ಲಿನ ಮೇಲಿನ ಒಣ ಗರಸು ಮಣ್ಣಿನಲ್ಲಿ 1000 ದಾಟುವುದು ಕಷ್ಟವಲ್ಲ. ಬಿರುಕಿಲ್ಲದ ಒಣ ಗ್ರಾನೈಟಾದರೆ ಅದರ ಎಷ್ಟೋ ಪಟ್ಟು.

ಭಾರತೀಯ ಮಾನಕ ಐಎಸ್ 3043 ಪೈಪ್ ಅರ್ಥಿಂಗಿಗೆ ಎರಡೂವರೆ ಮೀಟರ್ ಉದ್ದ ಕೇಳುತ್ತದೆ. ಅಷ್ಟೇ ಉದ್ದದ ಬೆರಳು ಗಾತ್ರದ ಸರಳನ್ನು ಪೂರಾ ಇಳಿಸಿದೆವು ಎಂದುಕೊಳ್ಳಿ. ಸಿರುಗುಪ್ಪದ ಹಸಿ ಎರೆಯಲ್ಲಿ ಅದರ ರೋಧ ಸುಮಾರು 4 ಓಮ್. ಬಳ್ಳಾರಿಯ ಗರಸಿನಲ್ಲಿ 400ರ ಹತ್ತಿರ. ಹುಡುಗ ಬಡಿದ ಎರಡಡಿಯ ಗೂಟವಾದರೆ ಎರಡೂ ಕಡೆ ಇದರ ಮೂರು ಪಟ್ಟು.

ಈಗ ಗಾಡಿಗೆ ಹೊರಗಿನ ಕಂಬದಿಂದ ಕರೆಂಟು ತಂದಿದ್ದಾರೆ, ಎರಡೇ ವೈರು. ಅರ್ಥಿಗೆ ಪೂರಾ ಇಳಿಸಿದ ಆ ಎರಡೂವರೆ ಮೀಟರಿನ ಸರಳೇ ಗತಿ ಎಂದುಕೊಳ್ಳಿ. ಒಳಗಿನ ಗೀಸರಿನಲ್ಲಿ ಫೇಸ್ ಬಾಡಿಗೆ ತಗುಲಿತು. ಗಾಡಿಯ ಮೈಯೆಲ್ಲ ತಗಡು, ಕಾಲೆಲ್ಲ ರಬ್ಬರು. ಬಳ್ಳಾರಿಯಲ್ಲಿ ಸರಳಿನ ಮೂಲಕ ಹರಿಯುವುದು 230 ವೋಲ್ಟಿಗೆ 400 ಓಮ್, ಅಂದರೆ ಅರ್ಧ ಆಂಪಿಯರ್ ಚಿಲ್ಲರೆ. ಕರೆಂಟು ಮಿತಿ ಮೀರಿದರೆ ಬೀಳುವ ಬ್ರೇಕರ್, ಅಂದರೆ 16 ಆಂಪಿಯರಿನ ಎಂಸಿಬಿಯ ಕಣ್ಣಿಗೆ ಅದು ಒಂದು ಟಿವಿ ಹಾಕಿದಷ್ಟು. ಬೀಳುವುದಿಲ್ಲ. ಗಾಡಿಯ ಮೈ 230 ವೋಲ್ಟಿನಲ್ಲೇ ನಿಂತಿರುತ್ತದೆ. ಸಿರುಗುಪ್ಪದಲ್ಲಿ ಪರಿಸ್ಥಿತಿ ಮೇಲು ಎನ್ನುತ್ತೀರಾ? ಸರಳಿನ 4, ಟ್ರಾನ್ಸ್‌ಫಾರ್ಮರ್ ಗುಂಡಿಯದ್ದು 5 ಎಂದಿಟ್ಟುಕೊಂಡರೂ ಹರಿಯುವುದು 25 ಆಂಪಿಯರ್. 16ರ ಎಂಸಿಬಿ ಅಷ್ಟಕ್ಕೆ ಬೀಳಲು ನಿಮಿಷಗಟ್ಟಲೆ ತೆಗೆದುಕೊಳ್ಳಬಹುದು. ಅಷ್ಟೂ ಹೊತ್ತು ಮೈ ಮೇಲೆ 100 ವೋಲ್ಟು. ಅದೂ ಮಳೆಗಾಲದ ಮಾತು. ಬೇಸಿಗೆಯಲ್ಲಿ ಎರೆ ಬಿರಿದು ಸರಳಿನಿಂದ ದೂರ ಸರಿದಾಗ ಈ ಲೆಕ್ಕವೂ ಸುಳ್ಳು.

ಗಾಡಿಯೊಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ, ಇದೇ ಇದರ ಕುತ್ತು. ಅವರ ಕಾಲಡಿಯ ತಗಡೂ ಕೈಯ ಹಿಡಿಕೆಯೂ ಒಂದೇ ವೋಲ್ಟೇಜಿನಲ್ಲಿರುತ್ತವೆ. ಅನಾಹುತ ಕಾದಿರುವುದು ಬಾಗಿಲ ಮೆಟ್ಟಿಲಲ್ಲಿ: ಒಂದು ಕಾಲು ಒದ್ದೆ ನೆಲದ ಮೇಲೆ, ಒಂದು ಕೈ ಬಾಗಿಲ ಹಿಡಿಕೆಯ ಮೇಲೆ. ಚಹಾ ತಂದುಕೊಡುವ ಹುಡುಗ, ಹೊರಗಿನಿಂದ ಕೂಗಿ ಕರೆಯಲು ಬಂದ ಹೆಂಗಸು, ಇಳಿಯುತ್ತಿರುವ ಮಗು.

ಒಳ್ಳೆಯ ನೆಲ ಸಿಗದಿದ್ದರೆ ಏನು ಮಾಡುವುದು ಎಂಬ ಪ್ರಶ್ನೆಗೆ ಒಂದು ಸೊಗಸಾದ ಉತ್ತರ ಸಿಕ್ಕದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಅರಿಜೋನದ ಮರುಭೂಮಿಯಲ್ಲಿ ಅಮೆರಿಕದ ಸೇನೆಗೆ ಬಾಂಬು ಕೂಡಿಡುವ ಕೋಠಿಗಳು ಬೇಕಿದ್ದವು. ಸಿಡಿಲು ಬಡಿದರೆ ಗತಿಯೇನು? ನೆಲವೋ ಒಣಗಿ ಬೂದಿಯಾದದ್ದು, ನೀರಿನ ಕೊಳಾಯಿಯೂ ಇಲ್ಲ. ಸಲಹೆಗಾರನಾಗಿದ್ದ ಹರ್ಬರ್ಟ್ ಯೂಫರ್ 1942ರಲ್ಲಿ ತಳಪಾಯದ ಕಾಂಕ್ರೀಟಿನೊಳಗಿನ ಕಂಬಿಗಳನ್ನೇ ಅರ್ಥಿಂಗ್ ಆಗಿ ಬಳಸಿದ. ಕಾಂಕ್ರೀಟು ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ನೆಲಕ್ಕೆ ಅಗಲವಾಗಿ ತಾಗಿಕೊಂಡೂ ಇರುತ್ತದೆ. ಸುಮಾರು ಎರಡು ದಶಕ ಕಳೆದು ಮತ್ತೆ ಅಳೆದಾಗಲೂ ರೋಧ 5 ಓಮ್ ದಾಟಿರಲಿಲ್ಲ. ಉಪ್ಪು ಇದ್ದಿಲು ತುಂಬಿ ವರ್ಷ ವರ್ಷ ನೀರು ಹುಯ್ಯುವ ನಮ್ಮ ಗುಂಡಿಗಳಿಗಿಂತ ಬಳ್ಳಾರಿಯಂಥ ಊರಿನ ಹೊಸ ಕಟ್ಟಡಗಳಿಗೆ ಯೂಫರನ ದಾರಿ ಮೇಲು ಎನ್ನುವುದು ನನ್ನ ಅಭಿಪ್ರಾಯ. ಆದರೆ ಗಾಲಿ ಇರುವ ಮನೆಗೆ ತಳಪಾಯ ಎಲ್ಲಿಂದ ತರೋಣ?

ಗಾಲಿಯ ಮನೆಗೆ ಉತ್ತರ ಬಂದದ್ದು ಚಿನ್ನದ ಗಣಿಯಿಂದ. ಗಣಿಗೂ ವಿದ್ಯುತ್ತಿಗೂ ಹಳೆಯ ನಂಟು ನಮ್ಮಲ್ಲೂ ಇದೆ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು 147 ಕಿಲೋಮೀಟರ್ ದೂರದ ಕೋಲಾರದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ. ಆದರೆ ಆ ಉತ್ತರ ಹುಟ್ಟಿದ್ದು ದಕ್ಷಿಣ ಆಫ್ರಿಕದಲ್ಲಿ. ಅಲ್ಲಿನ ಗಣಿಗಳಲ್ಲಿ ಬಂಡೆ, ನೀರು, ಕತ್ತಲೆ, ಎಳೆದಾಡುವ ಕೇಬಲ್ಲು ಎಲ್ಲ ಒಟ್ಟಿಗೆ. ಶಾಕ್ ಹೊಡೆದು ಸಾಯುವುದು ಅಲ್ಲಿ ದಿನನಿತ್ಯದ ಭಯ. ಜೋಹಾನ್ಸ್‌ಬರ್ಗ್ ಬಳಿಯ ಆಲ್ಬರ್ಟನ್‌ನಲ್ಲಿ ಫುಕ್ಸ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಎಂಬ ಕಂಪನಿಯಲ್ಲಿದ್ದ ಎಂಜಿನಿಯರ್ ಹೆನ್ರಿ ರೂಬಿನ್‌ಗೆ ಬಿದ್ದದ್ದು ಈ ಸಾವು ತಡೆಯುವ ಕೆಲಸ.

ಸೋರಿಕೆ ಹಿಡಿಯುವ ತತ್ವ ರೂಬಿನ್‌ಗೂ ಮೊದಲೇ ಗೊತ್ತಿತ್ತು. ಬೆಳಿಗ್ಗೆ ಹಟ್ಟಿಯಿಂದ ಹೊರಟ ಕುರಿಗಳನ್ನೂ ಸಂಜೆ ಮರಳಿದವನ್ನೂ ಎಣಿಸುವ ಕುರಿಗಾಹಿ, ತಪ್ಪಿಸಿಕೊಂಡದ್ದು ಯಾವ ಹಳ್ಳಕ್ಕೆ ಹೋಯಿತೆಂದು ತಿಳಿಯದೆಯೇ ಒಂದು ಕಡಿಮೆಯಿದೆ ಎಂದು ಹೇಳಬಲ್ಲ. ಹಾಗೆಯೇ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಂದೇ ಕಬ್ಬಿಣದ ಬಳೆಯೊಳಗೆ ತೂರಿಸುವುದು. ಹೋದ ಕರೆಂಟು, ಬಂದ ಕರೆಂಟು ಸಮ ಇದ್ದರೆ ಎರಡರ ಕಾಂತಬಲ ಒಂದನ್ನೊಂದು ಅಳಿಸಿಹಾಕುತ್ತದೆ, ಬಳೆ ಸುಮ್ಮನಿರುತ್ತದೆ. ಸ್ವಲ್ಪ ಬೇರೆ ದಾರಿ ಹಿಡಿದರೆ ವ್ಯತ್ಯಾಸದಷ್ಟು ಕಾಂತಬಲ ಉಳಿದು, ಬಳೆಗೆ ಸುತ್ತಿದ ಸಣ್ಣ ಸುರುಳಿಯಲ್ಲಿ ವೋಲ್ಟೇಜು ಹುಟ್ಟುತ್ತದೆ. ಅದರಿಂದ ಬ್ರೇಕರ್ ಬೀಳಿಸಬೇಕು. ತೊಂದರೆಯೆಲ್ಲ ಆ ‘ಸ್ವಲ್ಪ’ದಲ್ಲಿತ್ತು. ಅಂದಿನ ಸಾಧನಗಳು ಬೀಳಲು 10 ಆಂಪಿಯರಿನಷ್ಟು ಸೋರಬೇಕಿತ್ತು. ಮೋಟರು ಉಳಿಯುತ್ತಿತ್ತು, ಮನುಷ್ಯನಲ್ಲ.

ಮನುಷ್ಯನನ್ನು ಉಳಿಸಲು ಎಷ್ಟು ಸೂಕ್ಷ್ಮವಾಗಿರಬೇಕು? ಈ ಅಂಕಿ ಹುಡುಕಿದವನು ಚಾರ್ಲ್ಸ್ ಡಾಲ್ಜೀಲ್, ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕ. 1940ರ ದಶಕದಲ್ಲಿ ಅವನು ನಡೆಸಿದ ಪ್ರಯೋಗಗಳನ್ನು ಇಂದು ಯಾವ ಕಾಲೇಜಿನ ನೈತಿಕ ಸಮಿತಿಯೂ ಒಪ್ಪಲಾರದು. ಒಪ್ಪಿ ಬಂದವರ ಒದ್ದೆ ಕೈಗೆ ತಾಮ್ರದ ತಂತಿ ಕೊಟ್ಟು, ಕರೆಂಟನ್ನು ಮೆಲ್ಲಗೆ ಏರಿಸುತ್ತ, ಎಲ್ಲಿಯವರೆಗೆ ತಂತಿಯನ್ನು ತಾವೇ ಬಿಡಬಲ್ಲರು ಎಂದು ನೋಡುವುದು. ಶಾಕ್ ತಿಂದವರು ‘ಕರೆಂಟು ಹಿಡಕೊಂಡುಬಿಡ್ತು’ ಎನ್ನುತ್ತಾರಲ್ಲ, ಆ ಹಿಡಿತದ ಅಳತೆ ಇದು. ಸ್ನಾಯು ಸೆಟೆದುಕೊಂಡು ಬೆರಳು ಬಿಚ್ಚಲಾಗದ ಗಳಿಗೆ. 134 ಗಂಡಸರು, 28 ಹೆಂಗಸರು ಕೈ ಕೊಟ್ಟರು. ಸರಾಸರಿ ಗಂಡಸರಿಗೆ 16 ಮಿಲಿಆಂಪಿಯರ್, ಹೆಂಗಸರಿಗೆ 10.5. ಬಹುಮಟ್ಟಿಗೆ ಎಲ್ಲರೂ ಬಿಡಬಲ್ಲ ಮಿತಿ ಗಂಡಸರಿಗೆ 9, ಹೆಂಗಸರಿಗೆ 6. ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯುವುದೇ ಸುಮಾರು 40 ಮಿಲಿಆಂಪಿಯರ್. ಎಂಸಿಬಿ ಜೀವ ಕಾಯುತ್ತದೆ ಎಂದು ನಂಬಿದವರು ಈ ಅಂಕಿಯನ್ನು 16 ಆಂಪಿಯರಿನ ಪಕ್ಕ ಇಟ್ಟು ನೋಡಬೇಕು.

ಹೃದಯ ಲಯ ತಪ್ಪುವ ಮಿತಿಯನ್ನು ಮನುಷ್ಯರ ಮೇಲೆ ಅಳೆಯುವಂತಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗದ ಅಂಕಿಗಳಿಂದ ಡಾಲ್ಜೀಲ್ ಒಂದು ಸೂತ್ರ ತೆಗೆದ: 50 ಕಿಲೋ ತೂಕದವರಿಗೆ ತಡೆಯಬಹುದಾದ ಕರೆಂಟು 0.116 ಆಂಪಿಯರನ್ನು ಸೆಕೆಂಡುಗಳ ವರ್ಗಮೂಲದಿಂದ ಭಾಗಿಸಿದಷ್ಟು. ಒದ್ದೆ ಮೈಯ ರೋಧ 1000 ಓಮ್ ಎಂದುಕೊಂಡರೆ 230 ವೋಲ್ಟಿಗೆ ಹರಿಯುವುದು 230 ಮಿಲಿಆಂಪಿಯರ್. ಸೂತ್ರದಲ್ಲಿ ಇಟ್ಟರೆ ಸಿಗುವ ವೇಳೆ ಕಾಲು ಸೆಕೆಂಡು. ಅಷ್ಟರೊಳಗೆ ಬ್ರೇಕರ್ ಬಿದ್ದಿರಬೇಕು.

ರೂಬಿನ್ 1955ರಲ್ಲಿ ಮಾಡಿದ ಮೊದಲ ಸಾಧನ 525 ವೋಲ್ಟಿನ ಗಣಿ ಲೈನಿನಲ್ಲಿ 250 ಮಿಲಿಆಂಪಿಯರಿಗೆ ಬೀಳುತ್ತಿತ್ತು. ಹಲವು ಗಣಿಗಳಲ್ಲಿ ಕೂರಿಸಿದರು, ಚೆನ್ನಾಗಿಯೇ ನಡೆಯಿತು. ಹತ್ತು ಆಂಪಿಯರಿನಿಂದ ಕಾಲು ಆಂಪಿಯರಿಗೆ ಇಳಿದದ್ದು ಕಡಿಮೆ ಸಾಧನೆಯಲ್ಲ. ಬೇರೆಯವರು ಅಲ್ಲಿಗೇ ಪೇಟೆಂಟ್ ಬರೆದು ಕೈತೊಳೆದುಕೊಳ್ಳುತ್ತಿದ್ದರು. ರೂಬಿನ್ ಮಾತ್ರ ಆ ದಾರಿಯನ್ನೇ ಬಿಟ್ಟು ಹೊಸದಾಗಿ ಶುರು ಮಾಡಿದ. ಟ್ರಾನ್ಸಿಸ್ಟರ್ ಬಳಸಬಹುದೇ ಎಂದು ನೋಡಿದ. ಆಗಿನ ಟ್ರಾನ್ಸಿಸ್ಟರನ್ನು ನಂಬಿ ಜೀವ ಒಪ್ಪಿಸುವಂತಿರಲಿಲ್ಲ. ಕೊನೆಗೆ ಕಬ್ಬಿಣದ ತಿರುಳು ಕಾಂತತೆಯಿಂದ ತುಂಬಿದಾಗ ತೋರುವ ಗುಣವನ್ನೇ ಬಳಸಿ, ಬಳೆಯ ಮಂಕು ಸುಳಿವನ್ನು ದೊಡ್ಡದು ಮಾಡುವ ಕಾಂತವರ್ಧಕ ಕಟ್ಟಿದ. 1956ರ ಆರಂಭದಲ್ಲಿ ಸಿದ್ಧವಾದ ಮಾದರಿ 220 ವೋಲ್ಟು, 60 ಆಂಪಿಯರಿನದು, 12.5ರಿಂದ 17.5 ಮಿಲಿಆಂಪಿಯರಿನೊಳಗೆ ಬೇಕಾದ ಕಡೆ ಹೊಂದಿಸಬಹುದಿತ್ತು. ಹೃದಯದ ಲಯ ತಪ್ಪುವುದಕ್ಕೆ ಡಾಲ್ಜೀಲ್ ಹಾಕಿದ ಗೆರೆಯೊಳಗೇ ಅದು ಬೀಳುತ್ತಿತ್ತು.

ಗಣಿಯೊಳಗಿಂದ ಮನೆಯೊಳಕ್ಕೆ ಇದು ಬಂದದ್ದು ಒಂದು ಸಾವಿನ ಬೆನ್ನಲ್ಲೇ. ಸ್ಟಿಲ್‌ಫಾಂಟೇನ್ ಗಣಿಯ ಕಾಲೊನಿಯಲ್ಲಿ ಹೆಂಗಸೊಬ್ಬಳು ಮನೆಯಲ್ಲೇ ಶಾಕ್ ಹೊಡೆದು ಸತ್ತಳು. 1957–58ರಲ್ಲಿ ಆ ಕಾಲೊನಿಯ ಕೆಲವು ನೂರು ಮನೆಗಳಿಗೆ 20 ಮಿಲಿಆಂಪಿಯರಿನ ರೂಬಿನ್ ಸಾಧನ ಹಾಕಿದರು. ಡಾಲ್ಜೀಲ್ ಸ್ವತಃ 1961ರಲ್ಲಿ ರಕ್ಕರ್ ಕಂಪನಿಯ ಜೊತೆ ಟ್ರಾನ್ಸಿಸ್ಟರ್ ಬಳಸಿ ಇದರ ಅಮೆರಿಕನ್ ಆವೃತ್ತಿ ಮಾಡಿದ; ಅಲ್ಲಿ ಈಗಿನ ಮಿತಿ 5 ಮಿಲಿಆಂಪಿಯರ್. ನಮ್ಮ ಅಂಗಡಿಗಳಲ್ಲಿ ಆರ್‌ಸಿಸಿಬಿ ಎಂದು ಸಿಗುವುದರ ಮೇಲೆ 30 ಎಂಎ ಎಂದು ಬರೆದಿರುತ್ತದೆ, ಸೋರಿಕೆ ಅದರ ಐದು ಪಟ್ಟಿದ್ದರೆ 40 ಮಿಲಿಸೆಕೆಂಡಿನೊಳಗೆ ಬೀಳಬೇಕು. ಕೆಲವು ಎಲೆಕ್ಟ್ರಿಷಿಯನ್ನರು ಇನ್ನೂ ಇಎಲ್‌ಸಿಬಿ ಎಂದೇ ಕರೆಯುತ್ತಾರೆ.

ಬಳ್ಳಾರಿಯ 400 ಓಮಿನ ಸರಳಿಗೆ ಈಗ ಮರಳಿ ನೋಡಿ. ಅರ್ಧ ಆಂಪಿಯರ್ ಎಂದರೆ 500 ಮಿಲಿಆಂಪಿಯರಿಗೂ ಮೇಲೆ. ಎಂಸಿಬಿಗೆ ಕಾಣದ್ದು ಆರ್‌ಸಿಸಿಬಿಗೆ ಧಾರಾಳ; ಮುಟ್ಟುವವರು ಮುಟ್ಟುವ ಮೊದಲೇ ಬೀಳುತ್ತದೆ. ನೆಲ ಕೆಟ್ಟದ್ದಿದ್ದರೂ ಜೀವ ಉಳಿಯುವ ಉಪಾಯ ಬಂಡೆಯ ನಾಡಿಗೆ ಹೇಳಿ ಮಾಡಿಸಿದ್ದು.

ಆದರೆ ಗಾಡಿ ತನ್ನದೇ ಜನರೇಟರ್ ಹಾಕಿಕೊಂಡಾಗ ಕತೆ ಮತ್ತೊಂದು ತಿರುವು ತೆಗೆದುಕೊಳ್ಳುತ್ತದೆ. ಸಣ್ಣ ಜನರೇಟರುಗಳು ಅನೇಕವು ಎರಡೂ ತಂತಿಗಳನ್ನು ಯಾವುದಕ್ಕೂ ಕಟ್ಟದೆ ಬಿಟ್ಟಿರುತ್ತವೆ. ಫೇಸ್ ಬಾಡಿಗೆ ತಗುಲಿದರೂ ಕರೆಂಟಿಗೆ ಮರಳುವ ದಾರಿ ಇಲ್ಲ. ಸರಳು ಎಷ್ಟು ಆಳ ಇಳಿದಿದ್ದರೂ ಹರಿಯುವುದು ಸೊನ್ನೆ, ಏಕೆಂದರೆ ಆ ನೆಲದ ಇನ್ನೊಂದು ತುದಿ ಜನರೇಟರಿಗೆ ಸೇರಿಯೇ ಇಲ್ಲ. ಶಾಕ್ ಹೊಡೆಯುವುದಿಲ್ಲ, ಬ್ರೇಕರ್ ಬೀಳುವುದಿಲ್ಲ, ಎಲ್ಲ ಕ್ಷೇಮ ಎಂದು ಅನಿಸುತ್ತದೆ. ಮೊದಲ ದೋಷ ಹೀಗೆ ಅಡಗಿಕೊಂಡು ಕೂರುತ್ತದೆ. ಸ್ವಲ್ಪ ಹೊತ್ತಿಗೆ ಮೈದಾನದಲ್ಲಿ ಹಾಸಿದ ಕೇಬಲ್ಲಿನ ಟೇಪು ಸುತ್ತಿದ ಜಾಯಿಂಟೊಂದು ಮಳೆನೀರಲ್ಲಿ ನೆನೆದು ಇನ್ನೊಂದು ತಂತಿ ನೆಲಕ್ಕೆ ತಾಗಿತೋ, ದಾರಿ ತೆರೆಯಿತು. ಆಗ ಮೆಟ್ಟಿಲ ಮೇಲಿದ್ದವರ ಗತಿ?

ಇಂಥ ಜನರೇಟರಿಗೆ ಆರ್‌ಸಿಸಿಬಿ ಹಾಕಿ, ಅದರ ‘ಟೆಸ್ಟ್’ ಗುಂಡಿ ಒತ್ತಿ, ಟಕ್ಕೆಂದು ಬಿದ್ದದ್ದು ನೋಡಿ ನಿಶ್ಚಿಂತರಾಗುವವರಿದ್ದಾರೆ. ಆ ಗುಂಡಿ ಮಾಡುವುದಿಷ್ಟೇ: ಬಳೆಯ ಒಂದು ಬದಿಯ ಫೇಸಿನಿಂದ ಇನ್ನೊಂದು ಬದಿಯ ನ್ಯೂಟ್ರಲಿಗೆ ಒಂದಿಷ್ಟು ಕರೆಂಟನ್ನು ಬಳೆ ತಪ್ಪಿಸಿ ಹಾಯಿಸುವುದು. ಬ್ರೇಕರಿನ ಯಂತ್ರ ಸರಿಯಿದೆ ಎಂದಷ್ಟೇ ಅದು ಹೇಳುತ್ತದೆ. ಗಾಡಿಗೆ ಅರ್ಥ್ ಇದೆಯೇ, ಜನರೇಟರಿನ ತಂತಿ ಬಾಡಿಗೆ ಸೇರಿದೆಯೇ ಎಂಬ ಸುದ್ದಿ ಅದಕ್ಕೆ ಗೊತ್ತಿಲ್ಲ.

ಸರಿಯಾದ ಕ್ರಮ ಹೀಗೆ. ಜನರೇಟರಿನ ಒಂದು ತಂತಿಯನ್ನು, ಒಂದೇ ಒಂದು ಜಾಗದಲ್ಲಿ, ಅದರ ಚೌಕಟ್ಟಿಗೆ ಕಟ್ಟಬೇಕು. ಅಲ್ಲಿಂದ ಮುಂದೆ ಅದೇ ನ್ಯೂಟ್ರಲ್. ಆ ಚೌಕಟ್ಟನ್ನು ಗಾಡಿಯ ಚಾಸಿಗೆ, ಚಾಸಿಯನ್ನು ಫ್ರಿಜ್ಜು, ಸಿಂಕು, ಗ್ಯಾಸ್ ಪೈಪು, ಬಾಗಿಲ ಚೌಕಟ್ಟು, ಪ್ರತಿ ಸಾಕೆಟ್ಟಿನ ಮೂರನೇ ಪಿನ್ನು, ಎಲ್ಲಕ್ಕೂ ದಪ್ಪ ತಾಮ್ರದಿಂದ ಸೇರಿಸಬೇಕು. ಬಣ್ಣ ಕೆರೆದು, ಬೋಲ್ಟು ಬಿಗಿದು. ಆಮೇಲೆ 30 ಎಂಎ ಆರ್‌ಸಿಸಿಬಿ. ಫೇಸ್ ಎಲ್ಲಿ ತಗುಲಿದರೂ ನೆಲದ ಹಂಗಿಲ್ಲದೆ ಲೋಹದ ಮೇಲೇ ಮನೆ ಸೇರುತ್ತದೆ, ಬ್ರೇಕರ್ ಬೀಳುತ್ತದೆ. ಎಂಸಿಬಿಯೊಂದನ್ನೇ ನಂಬಿ ಕೂರುವಂತಿಲ್ಲ. ಸಣ್ಣ ಜನರೇಟರಿಗೆ ಶಾರ್ಟ್ ಆದಾಗಲೂ ಎಂಸಿಬಿಯನ್ನು ತಕ್ಷಣ ಬೀಳಿಸುವಷ್ಟು ಕರೆಂಟು ಕೊಡುವ ತಾಕತ್ತು ಇರುವುದಿಲ್ಲ. ಅಮೆರಿಕದ ಸಂಹಿತೆಯಂತೂ ಜನರೇಟರು ಚಾಸಿಗೆ ಸೇರಿದ್ದು, ಗಾಡಿಯ ಸಾಮಾನಿಗೂ ತನ್ನದೇ ಸಾಕೆಟ್ಟುಗಳಿಗೂ ಮಾತ್ರ ಕರೆಂಟು ಕೊಡುವುದಾದರೆ ನೆಲಕ್ಕೆ ಸರಳು ಬಡಿಯಬೇಕಿಲ್ಲ ಎನ್ನುತ್ತದೆ. ಸಿಡಿಲಿಗೆ ಸರಳು ಇರಲಿ. ಗಾಡಿ ತನ್ನದೇ ಜನರೇಟರಿನಲ್ಲಿ ನಡೆಯುವಾಗ ಉಳಿದದ್ದಕ್ಕೆ ಅದು ಮನಸ್ಸಿನ ಸಮಾಧಾನ.

ಎಡವುವ ಜಾಗ ಇನ್ನೊಂದಿದೆ, ಅದು ಕಂಬದ ಕರೆಂಟಿಗೂ ಜನರೇಟರಿಗೂ ನಡುವೆ ಬದಲಿಸುವ ಚೇಂಜ್‌ಓವರ್ ಸ್ವಿಚ್ಚು. ಗಾಡಿಯನ್ನು ಕಂಬದ ಜೆಸ್ಕಾಂ ಕರೆಂಟಿಗೆ ಜೋಡಿಸಿದಾಗ ನ್ಯೂಟ್ರಲ್ ಆಗಲೇ ಟ್ರಾನ್ಸ್‌ಫಾರ್ಮರಿನ ಹತ್ತಿರ ನೆಲಕ್ಕೆ ಕಟ್ಟಿಯಾಗಿದೆ. ಗಾಡಿಯೊಳಗಿನ ನ್ಯೂಟ್ರಲ್–ಬಾಡಿ ಕೊಂಡಿ ಆಗ ಬಿಟ್ಟಿರಲೇಬೇಕು. ಹಾಗಾಗಿ ಆ ಕೊಂಡಿ ಜನರೇಟರಿನ ಬದಿಯಲ್ಲಿರಬೇಕು; ಸ್ವಿಚ್ಚು ಫೇಸ್ ಜೊತೆ ನ್ಯೂಟ್ರಲನ್ನೂ ಬದಲಿಸುವ ಡಬಲ್ ಪೋಲ್ ಆಗಿರಬೇಕು. ಫೇಸ್ ಮಾತ್ರ ಬದಲಿಸುವ ಅಗ್ಗದ ಸ್ವಿಚ್ಚು ಹಾಕಿ, ಹೊರಗೆ ಟೂ-ಪಿನ್ ಪ್ಲಗ್ಗನ್ನು ತಿರುವುಮುರುವು ಸಿಕ್ಕಿಸಿದರೆ ಏನಾಗುತ್ತದೆ ನೋಡಿ: ನ್ಯೂಟ್ರಲ್ ಎಂದುಕೊಂಡ ತಂತಿ ಫೇಸ್ ಆಗಿ, ರಕ್ಷಣೆಗೆಂದು ಹಾಕಿದ ಕೊಂಡಿಯೇ ಗಾಡಿಯ ಮೈಗೆ ಪೂರ್ತಿ 230 ವೋಲ್ಟು ಕೊಡುತ್ತದೆ. ಗಾಡಿಯೊಳಗಿನ ಆರ್‌ಸಿಸಿಬಿಗಿಂತ ಹಿಂದೆ ಆ ಕೊಂಡಿ ಇದ್ದರೆ ಅದಕ್ಕೆ ತಿಳಿಯುವುದೂ ಇಲ್ಲ.

ಜಾತ್ರೆ ಸಾಲಿನಲ್ಲಿ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿದ ಪ್ಯಾನಲ್ಲುಗಳು ಕಣ್ಣಿಗೆ ಬೀಳುತ್ತವೆ. ಕೇಳಿದರೆ ‘ಸುಮ್ನೆ ಸುಮ್ನೆ ಬೀಳ್ತದ ಸರ, ನಾಟಕ ನಡುವೆ ನಿಲ್ತದ’ ಎಂಬ ಉತ್ತರ. ಅದು ಸುಮ್ಮನೆ ಬಿದ್ದದ್ದು ಅಪರೂಪ. ಸಾಮಾನ್ಯವಾಗಿ ಒದ್ದೆ ಜಾಯಿಂಟೋ, ಹಳೆಯ ಹೀಟರಿನ ಕಾಯಿಲ್ಲೋ, ಒಂದೇ ಬ್ರೇಕರಿಗೆ ನೇತುಹಾಕಿದ ಹತ್ತಾರು ಲೈಟುಗಳ ಸಣ್ಣ ಸಣ್ಣ ಸೋರಿಕೆ ಕೂಡಿದ್ದೋ ಇರುತ್ತದೆ. ಸಾಲುಗಳನ್ನು ಬೇರೆ ಮಾಡಿ ಸಾಲಿಗೊಂದು ಆರ್‌ಸಿಸಿಬಿ ಹಾಕಿದರೆ ವೇದಿಕೆ ಕತ್ತಲಾಗದೆ ಕೆಟ್ಟ ಸಾಲು ಮಾತ್ರ ಕಳಚಿಕೊಳ್ಳುತ್ತದೆ. ಖರ್ಚು ಹೆಚ್ಚು, ನಿಜ.

ಗಾಡಿ ಹೊರಡುವ ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬ, ಎಲ್ಲರನ್ನೂ ದೂರ ನಿಲ್ಲಿಸಿ, ಜನರೇಟರ್ ಓಡಿಸಿ ಮಾಡಬಹುದಾದ ಪರೀಕ್ಷೆಯೊಂದಿದೆ. ಹಳೆಯ ಕಾಲದ ಜೀರೋ ಬಲ್ಬು ಸಾಕು. ಹೆಸರಿಗೆ ಜೀರೋ, ಎಳೆಯುವುದು ಸುಮಾರು 15 ವ್ಯಾಟ್, ಅಂದರೆ 65 ಮಿಲಿಆಂಪಿಯರ್. ಅದನ್ನು ಆರ್‌ಸಿಸಿಬಿ ದಾಟಿದ ಸಾಕೆಟ್ಟಿನ ಫೇಸಿಗೂ ಗಾಡಿಯ ಬಾಡಿಗೂ ನಡುವೆ ಹಿಡಿಯುವುದು. ಬಲ್ಬು ಮಿಣುಕುವ ಮೊದಲೇ ಬ್ರೇಕರ್ ಬಿದ್ದರೆ ದಾರಿಯೂ ಕಾವಲೂ ಎರಡೂ ಇವೆ. ಬಲ್ಬು ನೆಮ್ಮದಿಯಾಗಿ ಉರಿಯುತ್ತಿದ್ದರೆ ದಾರಿ ಇದೆ, ಕಾವಲಿಲ್ಲ. ಆರ್‌ಸಿಸಿಬಿ ಕೆಟ್ಟಿದೆ, ಇಲ್ಲವೇ ಯಾರೋ ಬೈಪಾಸ್ ಮಾಡಿದ್ದಾರೆ. ಬಲ್ಬೂ ಉರಿಯಲಿಲ್ಲ, ಬ್ರೇಕರೂ ಬೀಳಲಿಲ್ಲ ಎಂದರೆ ಜನರೇಟರಿನ ನ್ಯೂಟ್ರಲ್ ಚೌಕಟ್ಟಿಗೆ ಸೇರಿಲ್ಲ, ಅಥವಾ ಚೌಕಟ್ಟಿಗೂ ಬಾಡಿಗೂ ನಡುವಿನ ತಂತಿ ಎಲ್ಲೋ ಕಳಚಿದೆ. ಆ ಕೊಂಡಿ ಕೂಡಿಸುವ ತನಕ ಸರಳನ್ನು ಬಳ್ಳಾರಿಯ ಕಲ್ಲಿಗೆ ಬಡಿದರೂ, ಸಿರುಗುಪ್ಪದ ಎರೆಗೆ ಇಳಿಸಿದರೂ ಬಲ್ಬು ಹತ್ತುವುದಿಲ್ಲ.